ಸಾಂಬಾರಿನ ಕಾರಿಗೆ ಮುಂದಿನ ಸೀಟು

ಅರ್ಜಿಯ ಕೊನೆಯ ಕಾಲಮ್ಮಿಗೆ ಅವರು ಬಿಟ್ಟಿದ್ದ ಜಾಗ ಒಂದೂವರೆ ಇಂಚು. ‘ವಾಹನದ ಮೂಲ ಸ್ವರೂಪದಲ್ಲಿ ಬದಲಾವಣೆಗಳೇನಾದರೂ ಆಗಿದ್ದರೆ ತಿಳಿಸಿ’ ಎಂದು ಅದರ ಮೇಲೆ ಅಚ್ಚಾಗಿತ್ತು. ಹಳೇ ಕಾರುಗಳ ಸಂಘದವರು ಒಂದು ಭಾನುವಾರ ಬೆಳಿಗ್ಗೆ ಚೆನ್ನೈನ ಬೆಸೆಂಟ್ ನಗರದ ಬೀಚಿನವರೆಗೆ ಮೆರವಣಿಗೆ ನಡೆಸುವುದಿತ್ತು. ಅದಕ್ಕೆ ನನ್ನ ಮಾವನ ಕಾರನ್ನು ಸೇರಿಸಲು ನಾನು ಅರ್ಜಿ ತುಂಬುತ್ತಿದ್ದೆ. ಬೇರೆ ಯಾರಾಗಿದ್ದರೂ ಆ ಒಂದೂವರೆ ಇಂಚಿನಲ್ಲಿ ‘ಸ್ವಲ್ಪ ಆಗಿದೆ’ ಎಂದು ಬರೆದು ಸಹಿ ಹಾಕಿ ಕಾಫಿ ಕುಡಿಯುತ್ತಿದ್ದರು. ನಾನು ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ನಕ್ಷೆಯಲ್ಲಿರುವುದಕ್ಕೂ ಕೈಗೆ ಬಂದ ವಸ್ತುವಿಗೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಅದನ್ನು ಕಾಗದಕ್ಕಿಳಿಸುವುದು ನನ್ನ ಉದ್ಯೋಗ. ಆ ಉದ್ಯೋಗದಲ್ಲೇ ನನ್ನ ಕೂದಲೆಳೆಗಳೂ ಹೋದವು. ಹಾಗಾಗಿ ಕಾಲಮ್ಮಿನಲ್ಲಿ ‘ಲಗತ್ತು ನೋಡಿ’ ಎಂದು ಬರೆದು ಹನ್ನೊಂದು ಪುಟ ಲಗತ್ತಿಸಿದೆ.

“ಅಪ್ಪಾ, ಇದೆಲ್ಲಾ ಯಾರುಮೇ ಪಡಿಕ್ಕ ಮಾಟ್ಟಾಂಗ,” ಎಂದಳು ಮಗಳು. ನಾನು ಕನ್ನಡದಲ್ಲಿ ಬಯ್ದರೂ ಅವಳು ಉತ್ತರ ಕೊಡುವುದು ತಮಿಳಿನಲ್ಲೇ. ಇದನ್ನೆಲ್ಲ ಯಾರೂ ಓದುವುದಿಲ್ಲವಂತೆ. ನನಗಿದ್ದ ಭಯ ಯಾರಾದರೂ ಓದಿಬಿಟ್ಟರೆ ಎಂಬುದು.

ಕಾರಿನ ವಿಷಯ ಹೇಳಬೇಕು. ಅಮೆರಿಕದಲ್ಲಿ ಹುಟ್ಟಿದ್ದು. ಎರಡೇ ಬಾಗಿಲು, ಮೊಸಳೆಯ ಹಾಗೆ ಉದ್ದ ಮೂತಿ, ಸುಮ್ಮನೆ ನಿಂತಿದ್ದರೂ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿರುವ ಭಂಗಿ. ಇಂಥವನ್ನು ಮಸಲ್ ಕಾರು ಎನ್ನುತ್ತಾರೆ. ಈ ಮಾದರಿಯವು ನಮ್ಮ ದೇಶದಲ್ಲಿ ಕೈಬೆರಳು ಮಡಚುವಷ್ಟೂ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ಯಾವ ಕಂಪನಿಯದೆಂದು ನಾನು ಬರೆಯುವುದಿಲ್ಲ. ಅದನ್ನು ಮಾಡಿದವರ ಮೊಮ್ಮಕ್ಕಳಿಗೆ ಸುಮ್ಮನೆ ಯಾಕೆ ಸಂಕಟ. ಹಡಗಿನ ಅಧಿಕಾರಿಯೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಬಿಟ್ಟುಹೋದದ್ದು ಹೇಗೋ ಮಾವನ ಕೈಗೆ ಬಂತು. ಮಾವ ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದವರು, ಜೊತೆಗೆ ಮದುವೆಮನೆಗಳಿಗೆ ಅಡುಗೆ ಮಾಡಿ ಕಳಿಸುತ್ತಿದ್ದವರು. ಅವರಿಗೆ ಬೇಕಾಗಿದ್ದದ್ದು ಒಂದು ವ್ಯಾನು.

“ಎಂತ ಮಾಡುದು? ದೇವರು ಕೊಟ್ಟದ್ದನ್ನ ನಾವೇ ಸರಿ ಮಾಡ್ಕಣ್ಕ್,” ಎನ್ನುತ್ತಾರೆ ಮಾವ.

ಸರಿ ಮಾಡಿಕೊಂಡರು. ಮೊದಲು ಹೋದದ್ದು ಎಂಜಿನ್ನು. ಎಂಟು ಸಿಲಿಂಡರಿನ ಆ ಮೃಗ ಕೊತ್ತಂಬರಿ ಸೊಪ್ಪು ತರಲು ಹೋದರೂ ದಾರಿಯಲ್ಲಿ ಎರಡು ಬಂಕು ಹುಡುಕುತ್ತಿತ್ತಂತೆ. ಅದರ ಜಾಗಕ್ಕೆ ಯಾವುದೋ ವ್ಯಾನಿನ ಡೀಸೆಲ್ ಎಂಜಿನ್ನು ಬಂದು ಗುಡುಗುಡು ಎಂದಿತು. ಎಡಗಡೆಯ ಸ್ಟೀರಿಂಗು ಬಲಕ್ಕೆ ಬಂತು. ಹಿಂದಿನ ಸೀಟು ಕಿತ್ತು, ನೆಲಕ್ಕೆ ಎರಡು ಕಬ್ಬಿಣದ ಬಳೆ ಬೆಸುಗೆ ಹಾಕಿಸಿದರು: ದೊಡ್ಡ ಬಳೆಯಲ್ಲಿ ಸಾಂಬಾರಿನ ಹಂಡೆ ಕೂರಬೇಕು, ಸಣ್ಣದರಲ್ಲಿ ಸಾರಿನದು. ಎರಡೇ ಬಾಗಿಲಿನ ಕಾರಾದ್ದರಿಂದ ಹಂಡೆ ಒಳಗೆ ಹೋಗಲು ದಾರಿ ಬೇಕಲ್ಲ, ಡ್ರೈವರಿನ ಪಕ್ಕದ ಸೀಟನ್ನೂ ತೆಗೆದರು. ಆ ಸೀಟು ಹೋಟೆಲಿನ ಗಲ್ಲಾದ ಹಿಂದೆ ಹೋಗಿ ಕೂತಿತು. ಮೊದಲು ಮಾವ, ಈಗ ನನ್ನ ಭಾವಮೈದ, ಅದರ ಮೇಲೆ ಒರಗಿಕೊಂಡೇ ವ್ಯಾಪಾರ. ಕಾರಿನ ಬಣ್ಣ ಹೋಟೆಲಿನ ಕಿಟಕಿಗೆ ಬಳಿದು ಉಳಿದ ಹಸಿರು. ಹಾರ್ನು ಲಾರಿಯದು. ವಾಸನೆ ಇಂಗಿನದು, ಅದಕ್ಕೆ ನಾನು ಲಗತ್ತಿನಲ್ಲಿ ಪ್ರತ್ಯೇಕ ಪುಟ ಕೊಟ್ಟಿದ್ದೆ. ಲೋಕದಲ್ಲಿ ಎಲ್ಲರೂ ಇಂಥ ಕಾರುಗಳಲ್ಲಿ ಬದಲಾವಣೆ ಮಾಡಿಸುವುದು ಇನ್ನೂ ಜೋರಾಗಿ ಓಡಲಿ ಎಂದು. ಸಾಂಬಾರು ಚೆಲ್ಲದಿರಲಿ ಎಂದು ಮಾಡಿಸಿದವರು ನನ್ನ ಮಾವ ಒಬ್ಬರೇ ಇರಬೇಕು.

ಹಂಡೆಗಳಿಗೆ ಬಳೆ ಸಿಕ್ಕಿತು, ಮುಚ್ಚಳ ಹಿಡಿಯಲು ಏನೂ ಸಿಕ್ಕಲಿಲ್ಲ. ಆ ಕೆಲಸ ಅತ್ತೆಯ ಪಾಲಿಗೆ ಬಂತು. ಮದುವೆಯ ಹೊಸತರಿಂದ ಹಿಡಿದು ಹೋಟೆಲನ್ನು ಮಗನಿಗೆ ವಹಿಸುವವರೆಗೆ ಅತ್ತೆ ಆ ಕಾರಿನಲ್ಲಿ ಓಡಾಡಿದ್ದು ಎರಡು ಹಂಡೆಗಳ ನಡುವೆ ಒಂದು ಮಣೆಯ ಮೇಲೆ, ಒಂದೊಂದು ಮುಚ್ಚಳದ ಮೇಲೆ ಒಂದೊಂದು ಕೈ ಇಟ್ಟುಕೊಂಡು. ಅಲ್ಲಿಂದ ಕಿಟಕಿ ಎತ್ತರ. ಕಾಣುವುದು ಆಕಾಶ, ತಂತಿ, ನೀರಿನ ಟ್ಯಾಂಕು, ಗೋಪುರಗಳ ತುದಿ. ಹೀಗಾಗಿ ಅತ್ತೆಗೆ ಗೊತ್ತಿರುವ ಚೆನ್ನೈ ಎರಡನೇ ಮಹಡಿಯಿಂದ ಶುರುವಾಗುತ್ತದೆ. ನನ್ನ ಹೆಂಡತಿ ಯಾವುದೋ ಕಲ್ಯಾಣಮಂಟಪದ ಗುರುತು ಹೇಳಲು “ಅದೇ ಅಮ್ಮಾ, ಬ್ಯಾಂಕ್ ಪಕ್ಕ” ಎಂದರೆ, “ಬ್ಯಾಂಕನ್ನ ಯಾರು ಕಂಡದ್ದ್? ಗಡಿಯಾರದ ತುದಿ ಕಂಡ್ ಬಲಕ್ಕೆ ತಿರ್ಗಿದ್ ಕೂಡ್ಲೆ ಬಪ್ಪುದಾ?” ಎಂದು ಕೇಳುತ್ತಾರೆ.

ಆ ಅತ್ತೆ ಒಂದು ದಿನ ಪೇಪರಿನಲ್ಲಿ ಹಿಂದಿನ ವರ್ಷದ ಮೆರವಣಿಗೆಯ ಚಿತ್ರ ನೋಡುತ್ತಾ, “ಹೆಂಗಸ್ರೆಲ್ಲ ಮುಂದೆ ಕೂಕಂಡಿದ್ರ್ ಕಾಣಿ. ನಾನ್ ನಮ್ಮ ಕಾರಲ್ಲಿ ಒಂದ್ ಸಲವೂ ಮುಂದೆ ಕೂಕಣ್ಲಿಲ್ಲ,” ಎಂದರು. ಆ ವಾರದಲ್ಲಿ ಇನ್ನೆರಡು ಸಲ ಅಂದರು. ಊಟದಲ್ಲಿ ಉಪ್ಪು ಕಮ್ಮಿಯಾದರೂ ಕೇಳದ ಹೆಂಗಸು ಒಂದು ಮಾತನ್ನು ಮೂರು ಸಲ ಹೇಳಿದರೆ ಅದು ಮನವಿಪತ್ರ. ಅದಕ್ಕೆ ಗಡುವೂ ಇತ್ತು. ಮಾವನಿಗೆ ಎಂಬತ್ತರ ಹತ್ತಿರ; ಲೈಸೆನ್ಸು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮತ್ತೆ ಮಾಡಿಸುವ ಮಾತೇ ಇಲ್ಲವೆಂದು ನನ್ನ ಹೆಂಡತಿ ಊಟದ ಹೊತ್ತಿನಲ್ಲಿ ಘೋಷಿಸಿಯಾಗಿತ್ತು. ಅಂದರೆ ಅತ್ತೆ ಗಂಡನ ಪಕ್ಕ ಕೂರಬೇಕಾದರೆ ಆ ಭಾನುವಾರವೇ ಕೂರಬೇಕು.

ಅರ್ಜಿ ಕಳಿಸಿದ ನಾಲ್ಕನೇ ದಿನ ಸಂಘದ ಕಾರ್ಯದರ್ಶಿ ಫೋನು ಮಾಡಿದರು. ಹನ್ನೊಂದು ಪುಟವನ್ನೂ ಓದಿದ್ದರು. ಮೂಲ ಸ್ವರೂಪದ ಕಾರುಗಳ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ, ಬದಲಾದ ಕಾರುಗಳದ್ದೊಂದು ಸಾಲಿದೆ, ಎಲ್ಲರ ಹಿಂದೆ ಬರಬಹುದು ಎಂದರು. ಫೋನು ಇಡುವ ಮುಂಚೆ, “ನೀವು ಬರೆದಿರುವಂತೆಯೇ ಬರಲಿ, ಅಷ್ಟೇ,” ಎಂದೂ ಹೇಳಿದರು.

ನಾನು ಲಗತ್ತಿನ ನಕಲು ತೆಗೆದು ನೋಡಿದೆ. ನಾನು ಬರೆದದ್ದರಲ್ಲಿ ಐದನೇ ಪುಟದ ಮೊದಲ ಸಾಲು ‘ಮುಂದಿನ ಎಡ ಸೀಟು: ಇಲ್ಲ’ ಎಂದಿತ್ತು. ಈಗ ಅತ್ತೆಗಾಗಿ ಸೀಟು ಹಾಕಿಸಿದರೆ ಕಾರು ನನ್ನ ಬರವಣಿಗೆಗೆ ತಪ್ಪುತ್ತದೆ. ಹಾಕಿಸದಿದ್ದರೆ ಮೆರವಣಿಗೆಯೇ ಯಾಕೆ. ಇಷ್ಟು ವರ್ಷ ಬೇರೆಯವರ ತಪ್ಪುಗಳನ್ನು ಬರೆದವನು ನನ್ನ ಪ್ರಾಮಾಣಿಕತೆಯಿಂದಲೇ ಸಿಕ್ಕಿಬಿದ್ದಿದ್ದೆ. ಒಂಬತ್ತು ದಿನ ಯಾರಿಗೂ ಹೇಳದೆ ಒದ್ದಾಡಿದೆ. ‘ಬದಲಾವಣೆಗಳಲ್ಲಿ ಆಗಿರುವ ಬದಲಾವಣೆ’ ಎಂಬ ತಲೆಬರಹದಡಿ ಹನ್ನೆರಡನೇ ಪುಟವೊಂದನ್ನು ಬರೆದು ಹರಿದು ಮತ್ತೆ ಬರೆದೆ. ಕೊನೆಗೆ ಧೈರ್ಯ ಮಾಡಿ ಕಾರ್ಯದರ್ಶಿಗೆ ಫೋನು ಮಾಡಿ, ಅತ್ತೆಯ ಆಸೆ, ಈಗ ಮಣೆಯ ಮೇಲೆ ಕೂರಲು ಬಿಡದ ಅವರ ಮೊಣಕಾಲು ನೋವು, ಮಾವನ ಲೈಸೆನ್ಸು ಎಲ್ಲವನ್ನೂ ವಿವರಿಸಿದೆ.

“ಸೀಟ್ ದಾನೇ ಸಾರ್? ಪೋಡುಂಗೋ,” ಎಂದು, ಹಾಕಿಸಿಕೊಳ್ಳಲು ಒಂದೇ ಮಾತಿನಲ್ಲಿ ಒಪ್ಪಿಗೆ ಕೊಟ್ಟು ಅವರು ಫೋನಿಟ್ಟರು.

ನನ್ನ ಆತಂಕಗಳ ಹಣೆಬರಹವೇ ಇಷ್ಟು. ಒಂದು ಬಾಗಿಲು ಮುಚ್ಚಿದರೆ ನಾನು ಇನ್ನೊಂದು ಹುಡುಕಿಕೊಳ್ಳುತ್ತೇನೆ. ಹೋಟೆಲಿಗೆ ಹೋಗಿ ಭಾವಮೈದನನ್ನು ಸೀಟಿನಿಂದ ಎಬ್ಬಿಸಿದೆ. “ಒಂದೇ ದಿವ್ಸ ಭಾವ. ಪ್ಲಾಸ್ಟಿಕ್ ಕುರ್ಚಿಲಿ ಕೂತ್ರೆ ನಂಗೆ ಲೆಕ್ಕ ತಪ್ಪುತ್ತ್,” ಎಂದು ಗೊಣಗಿ ಕೊಟ್ಟ. ಅಂಬತ್ತೂರಿನಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ಅದನ್ನು ಕೂರಿಸಿಕೊಟ್ಟರು. ಕಾರಿನೊಳಗೆ ಸುತ್ತ ನೋಡಿ, “ಇದು ಕಾರ್ ಇಲ್ಲೆ ಸಾರ್, ಕಿಚನ್,” ಎಂದರು. ನಾನು ಟೈರು ನೋಡಿಸಿದೆ, ದೀಪ ನೋಡಿಸಿದೆ, ಬಾಗಿಲಿನ ಚಿಲಕ ಎರಡು ಸಲ ನೋಡಿಸಿದೆ. ಮಾವನ ಕಣ್ಣಿನ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡೆ. ಬ್ರೇಕನ್ನಂತೂ ಬಿಚ್ಚಿಸಿಯೇ ನೋಡಿದೆ. ಮೆಕ್ಯಾನಿಕ್ಕು ಒಳಗಿನ ಪಟ್ಟಿಗಳ ಮೇಲೆ ಬೆರಳಾಡಿಸಿ ತಲೆದೂಗಿದರು.

“ಬ್ರೇಕ್ ಪುದುಸು ಮಾದಿರಿ ಇರುಕ್ಕು ಸಾರ್. ತೇಯವೇ ಇಲ್ಲೆ.”

ಹಾಕಿಸಿ ಅಷ್ಟು ವರ್ಷವಾದ ಬ್ರೇಕು ಹೊಸದರಂತಿದೆ, ಸವೆದೇ ಇಲ್ಲ. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಹಳೆಯ ಕಾಲದ ವಸ್ತುಗಳ ಗುಣಮಟ್ಟದ ಬಗ್ಗೆ ಅವರಿಗೊಂದು ಸಣ್ಣ ಭಾಷಣ ಮಾಡಿದೆ. ನನ್ನ ಉದ್ಯೋಗದ ಮಾನ ಹೋದ ಗಳಿಗೆ ಅದು. ಸವೆಯದ ಬ್ರೇಕು ಕಂಡರೆ ಪರೀಕ್ಷಕನಾದವನು ಕೇಳಬೇಕಾದ ಪ್ರಶ್ನೆ ಒಂದೇ. ನಾನು ಅದನ್ನು ಕೇಳಲಿಲ್ಲ.

ಭಾನುವಾರ ಅತ್ತೆ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಮುಂದಿನ ಸೀಟಿನಲ್ಲಿ ಕೂತರು. ಎರಡು ಸಲ ಒರಗಿ ನೋಡಿದರು. ಕೈ ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡರು. ಮಾವ ಕ್ಷೌರ ಮಾಡಿಸಿ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ಯುವವರ ಹಾಗೆ ಕಾಣುತ್ತಿದ್ದರು. ಅರ್ಜಿಯ ಪ್ರಕಾರ ಬಳೆಗಳಲ್ಲಿ ಖಾಲಿ ಹಂಡೆಗಳು ಕೂತಿದ್ದವು. ಅವುಗಳ ನಡುವೆ ಅತ್ತೆಯ ಮಣೆಯ ಮೇಲೆ ನಾನು ಕೂತೆ. ಏನಾದರೂ ಆದರೆ ಇರಲಿ ಎಂದು ಔಷಧದ ಡಬ್ಬಿ ನನ್ನ ಮಡಿಲಲ್ಲಿತ್ತು. ಹೆಂಡತಿ, ಮಗಳು ಆಟೋದಲ್ಲಿ ನೇರ ಬೀಚಿಗೆ ಹೋದರು.

ಮೈದಾನದಿಂದ ಮೆರವಣಿಗೆ ಹೊರಟಿತು. ನಮ್ಮದು ಕಟ್ಟಕಡೆಯ ಕಾರು. ಹಿಂದೆ ಕೂತ ನನಗೆ ಕಂಡದ್ದು ಆಕಾಶ, ಒಂದು ಗಾಳಿಪಟ ಸಿಕ್ಕಿಕೊಂಡ ತಂತಿ, ಮಳೆಮರದ ತುದಿಗಳು. ಕಾರು ತೊಟ್ಟಿಲಿನ ಹಾಗೆ ಸಾಗುತ್ತಿತ್ತು. ಎಲ್ಲೂ ಕುಲುಕಿಲ್ಲ, ತಡೆದದ್ದಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ಚಿಂತಿಸಲು ಏನೂ ಕಾಣಲಿಲ್ಲ. ಕಣ್ಣು ಎಳೆಯಿತು. ಈ ವಯಸ್ಸಿನಲ್ಲಿ ಎಂಥ ಹದವಾದ ಕೈ ಎಂದು ಮಾವನ ಬಗ್ಗೆ ಮೆಚ್ಚುಗೆಯೂ ಮೂಡುತ್ತಿತ್ತು.

“ಹ್ವಾಯ್,” ಎಂದರು ಅತ್ತೆ ಮುಂದಿನಿಂದ. ಸ್ವಲ್ಪ ಹೊತ್ತಿನ ಮೇಲೆ, “ಹ್ವಾಯ್, ಬಸ್ಸ್.”

“ಕಂಡಿದೆ ಮಾರಾಯ್ತಿ,” ಎಂದರು ಮಾವ. ಲಾರಿಯ ಹಾರ್ನು ಮೊಳಗಿತು.

“ಸಿಗ್ನಲ್ ಕೆಂಪು.”

“ಅದು ಅವ್ರಿಗೆ.”

“ಬ್ರೇಕ್ ಹಾಕಿ ಮರಾಯ್ರೆ.”

“ಬ್ರೇಕ್ ಹಾಕಿರೆ ಚೆಲ್ಲುದಿಲ್ಯಾ?”

“ಎಂತ ಚೆಲ್ಲುದು? ಇವತ್ತ್ ಸಾಂಬಾರೇ ಇಲ್ಲ ಅಲ್ದಾ.”

ಮಾವ ಇದನ್ನು ಯೋಚಿಸಿದಂತೆ ಕಂಡಿತು. ಆದರೆ ಕಾಲು ಯೋಚಿಸಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಕೇಳಿದರು, “ಇಷ್ಟ್ ವರ್ಷ ನೀವ್ ಹೀಂಗೇ ಓಡ್ಸಿದ್ದಾ?”

“ಒಂದ್ ದಿವ್ಸ ಒಂದ್ ಹನಿ ಚೆಲ್ಲಿದ್ದಾ ಹೇಳ್ ಕಾಂಬ,” ಎಂದರು ಮಾವ. ಮಾತು ನಿಜ. ಚೆಲ್ಲಿರಲಿಲ್ಲ.

ಪೊಲೀಸರು ಎಲ್ಲ ಕಾರುಗಳನ್ನೂ ತಡೆದ ಒಂದು ಕಡೆ ನಮ್ಮದೂ ಹೇಗೋ ಉರುಳಿ ಉರುಳಿ ನಿಂತಿತು. ಅತ್ತೆ ಬಾಗಿಲು ತೆಗೆದು ಇಳಿದರು. ಸೀರೆಯ ನೆರಿಗೆ ಸರಿಮಾಡಿಕೊಂಡರು. ಸೀಟನ್ನು ಮುಂದಕ್ಕೆ ಬಾಗಿಸಿ, ನನ್ನ ಮುಖ ನೋಡಿ, “ಕೂಕಂಡಾಯ್ತ್. ನೀವ್ ಬನ್ನಿ ಮುಂದೆ,” ಎಂದರು. ನಾನು ಅವರ ಮೊಣಕಾಲಿನ ಬಗ್ಗೆ ಏನೋ ಹೇಳಲು ಹೋದೆ. “ಮೊಣಕಾಲ್ ಆಪರೇಷನ್ ಮಾಡ್ಸಲಕ್ಕ್. ಎದೆಯದ್ದ್ ಕಷ್ಟ,” ಎಂದು ಒಳಗೆ ನುಸುಳಿ ಮಣೆಯ ಮೇಲೆ ಕೂತರು. ಎರಡು ಕೈಗಳೂ ತಾವಾಗಿಯೇ ಎರಡು ಮುಚ್ಚಳಗಳ ಮೇಲೆ ಹೋದವು. ಮುಖಕ್ಕೆ ರಕ್ತ ಮರಳಿತು.

ಮಾವನ ಮುಖ ಮೊದಲು ಸಣ್ಣಗಾಯಿತು. ಆಮೇಲೆ ಕನ್ನಡಿಯಲ್ಲಿ ಹಿಂದೆ ನೋಡಿ, “ಮುಚ್ಚಳ ಹಿಡ್ಕಂಡ್ಯಾ?” ಎಂದು ಕೇಳಿದರು.

“ಹಿಡ್ಕಂಡಿದೆ. ಗಾಡಿ ಬಿಡಿ,” ಎಂದರು ಅತ್ತೆ.

ಅಲ್ಲಿಂದ ಬೀಚಿನವರೆಗೆ ನಾನು ಕಂಡದ್ದನ್ನು ಬರೆಯಲು ಹನ್ನೊಂದು ಪುಟ ಸಾಲದು. ಮುಂದಿರುವುದು ನಿಧಾನವಾದರೆ ನಾವು ಬ್ರೇಕು ಹಾಕುತ್ತೇವೆ; ಮಾವ ಅದನ್ನು ದಾಟುತ್ತಾರೆ, ಅಷ್ಟೇ. ತೆರೆದ ಕಾರಿನಲ್ಲಿ ಟೋಪಿ ಹಾಕಿ ಕೂತಿದ್ದ ಹಿರಿಯರೊಬ್ಬರನ್ನು ದಾಟಿದೆವು. ಮೂಲ ಸ್ವರೂಪದ ಇಡೀ ಸಾಲನ್ನು ದಾಟಿದೆವು. ಒಬ್ಬ ಹೆಂಗಸು ನನ್ನತ್ತ ಕೈಬೀಸಿದರು. ನಾನು ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ತುಳಿಯುತ್ತಾ ಕೈಮುಗಿದೆ. ಹಿಂದಿನಿಂದ ಅತ್ತೆ ಆಕಾಶ ನೋಡುತ್ತಾ, “ಚರ್ಚಿನ ಶಿಲುಬೆ ಬಂತ್. ಇನ್ನೇನ್ ಸಮುದ್ರ,” ಎಂದು ಸಮಾಧಾನದಿಂದ ಹೇಳಿದರು.

ಕೊನೆಯಲ್ಲಿ ಹೊರಟ ನಾವು ಬೀಚಿಗೆ ಮೊದಲು ಬಂದೆವು. ಸ್ವಾಗತಕ್ಕೆ ನಿಂತಿದ್ದವರು ಗಲಿಬಿಲಿಯಾಗಿ ಮೆರವಣಿಗೆಯ ಮುಖ್ಯ ಕಾರು ಇದೇ ಎಂದು ಮಾವನಿಗೆ ಹಾರ ಹಾಕಿದರು. ಕಾರ್ಯದರ್ಶಿ ಬಂದು ಕಿಟಕಿಯೊಳಗೆ ತಲೆ ಹಾಕಿ ಮೂಗರಳಿಸಿ, “ಪೆರುಂಗಾಯಂ?” ಎಂದರು. “ಹೌದು, ಇಂಗು. ಒಂಬತ್ತನೇ ಪುಟ,” ಎಂದೆ.

ಮರುದಿನ ಸೀಟು ಗಲ್ಲಾದ ಹಿಂದೆ ಹೋಯಿತು. ತಿಂಗಳ ಕೊನೆಗೆ ಲೈಸೆನ್ಸು ಮುಗಿಯಿತು. ಅತ್ತೆ ಮುಂದಿನ ಸೀಟಿನ ಮಾತು ಮತ್ತೆ ಎತ್ತಲಿಲ್ಲ. ಈಗ ಇಬ್ಬರನ್ನೂ ಆಸ್ಪತ್ರೆಗೆ, ಮದುವೆಗಳಿಗೆ ನನ್ನ ಸಣ್ಣ ಕಾರಿನಲ್ಲಿ ಕರೆದುಕೊಂಡು ಹೋಗುವವನು ನಾನೇ. ಸಿಗ್ನಲ್ಲಿಗೆ ನಿಲ್ಲುತ್ತೇನೆ, ಹಳದಿಗೂ ನಿಲ್ಲುತ್ತೇನೆ, ದೂರದಲ್ಲಿ ನಾಯಿ ಕಂಡರೂ ಬ್ರೇಕು ತುಳಿಯುತ್ತೇನೆ. ತುಳಿದಾಗಲೆಲ್ಲ ಹಿಂದಿನ ಸೀಟಿನಲ್ಲಿ ಅತ್ತೆಯ ಎರಡು ಕೈಗಳು ಚಾಚಿಕೊಂಡು ಏನನ್ನೋ ಒತ್ತಿ ಹಿಡಿಯುತ್ತವೆ. ಮಾವ ಹೊರಗೆ ನೋಡುತ್ತಾ, ಯಾರಿಗೆಂದಿಲ್ಲದೆ ಹೇಳುತ್ತಾರೆ:

“ಅಳಿಯ ಒಳ್ಳೆಯವ್ನೇ. ಆರೆ ಇವ್ನ ಗಾಡಿಯಲ್ಲಿ ಸಾಂಬಾರ್ ತಕಂಡ್ ಹೋಪುಕೆ ಆತಿಲ್ಲ.”