ಹೊಗೆಯಿಲ್ಲದ ರೈಲು

ನಾನು ಬೋರ್ಡ್ ಬರೆಯುವವನು. ಓದಲು ಕಲಿಯುವ ಮೊದಲೇ ಅಕ್ಷರ ಬರೆದು ಹೊಟ್ಟೆ ಹೊರೆದವನು. ಹತ್ತನೇ ತರಗತಿ ಪಾಸಾಗಿದ್ದು ಮೀಸೆ ನರೆತ ಮೇಲೆ. ಹೋದ ಬೇಸಿಗೆ ರಜೆಯಲ್ಲಿ ಯಲ್ಲಾಪುರ ಕಡೆಯ ಒಂದು ಶಾಲೆಯವರು ಕರೆದರು. ಈಗ ಎಲ್ಲ ಕಡೆ ಮಾಡುತ್ತಾರಲ್ಲ, ಹಾಗೆ ಶಾಲೆಯ ಗೋಡೆಗೆ ರೈಲು ಬಿಡಿಸಬೇಕು. ತರಗತಿಯೇ ಬೋಗಿ. ಶಿರಸಿ, ಸಿದ್ದಾಪುರದ ಶಾಲೆಗಳಲ್ಲಿ ಆ ನೀಲಿ ಬೋಗಿಗಳನ್ನು ಬಳಿದು ಬಳಿದು ನನಗೆ ಸಾಕಾಗಿತ್ತು. ನಮ್ಮೂರುಗಳಲ್ಲಿ ಹಳಿಯಿಲ್ಲ. ರೈಲಿರುವುದು ಶಾಲೆಯ ಗೋಡೆಯ ಮೇಲೆ ಮಾತ್ರ.

ಈ ಸಲ ನನ್ನ ಇಷ್ಟದ್ದು ಬಿಡಿಸಿದೆ. ಜಪಾನಿನ ಇ-353 ಎಂಬ ಲಿಮಿಟೆಡ್ ಎಕ್ಸ್‌ಪ್ರೆಸ್. ಮೊಬೈಲಿನಲ್ಲಿ ನೋಡಿ ನೋಡಿ ಕಣ್ಣಲ್ಲೇ ಉಳಿದಿತ್ತು. ಬಿಳಿ ಮೈ, ಕಿಟಕಿಯುದ್ದಕ್ಕೂ ನೇರಳೆ ಪಟ್ಟಿ, ಕಪ್ಪು ಮೂತಿ. ಕರೆಂಟಿನಲ್ಲಿ ಓಡುತ್ತದೆ. ಗುಡ್ಡದ ತಿರುವು ಬಂದರೆ ಬೈಕಿನವರ ಹಾಗೆ ಒಳಗಡೆಗೆ ವಾಲುತ್ತದೆ. ಯಲ್ಲಾಪುರದಿಂದ ಇಳಿಯುವ ಅರಬೈಲ್ ಘಟ್ಟಕ್ಕೆ ಹೇಳಿ ಮಾಡಿಸಿದ್ದು ಅನಿಸಿ, ಹಿಂದೆ ಘಟ್ಟವನ್ನೂ ಬರೆದೆ. ಯಾರೂ ಹೇಳದೆ, ನನ್ನದು ಅಂತ ಬಿಡಿಸಿದ್ದು ಜೀವಮಾನದಲ್ಲಿ ಅದೊಂದೇ.

ಶಾಲೆ ಶುರುವಾಗುವ ಮೊದಲು ಶಾಲಾ ಕಮಿಟಿಯ ಅಧ್ಯಕ್ಷರು ಬಂದು ಗೋಡೆಯ ಮುಂದೆ ನಿಂತರು.

“ಎಂತದಾ ಇದು? ಹೊಗೆ ಎಲ್ಲಿ?”

“ಕರೆಂಟ್ ರೈಲು, ಅಧ್ಯಕ್ಷರೇ. ಹೊಗೆ ಬರೂದಿಲ್ಲ. ಜಪಾನಿಂದು.”

“ಮಳೆ ಬಂದ್ರೆ ನಮ್ಮಲ್ಲಿ ಕರೆಂಟೇ ಇರೂದಿಲ್ಲ ಮಾರಾಯ. ನಿನ್ ರೈಲು ಅರಬೈಲಲ್ಲೇ ನಿಂತು ಹೋಗ್ತದೆ!”

ಜೊತೆಗಿದ್ದವರೆಲ್ಲ ನಕ್ಕರು. ಬಿಸಿಯೂಟದ ಅಕ್ಕ ಮಾತ್ರ, “ಇರ್ಲಿ ಬಿಡಿ, ಮಕ್ಳಿಗೆ ಚಂದ ಕಾಣ್ತದೆ” ಅಂದಳು.

“ಉದ್ಘಾಟನೆಗೆ ಬಂದವ್ರು ಇದನ್ನ ಬಸ್ಸು ಅಂತಾರೆ. ನೀನೇ ಅಳಿಸ್ತ್ಯಾ, ಹುಬ್ಬಳ್ಳಿಯಿಂದ ಬೇರೆಯವ್ನ ಕರಸ್ಲಾ?”

ಅದರ ಮೇಲೆ ಬೇರೆಯವನ ಬ್ರಶ್ ಆಡುವುದನ್ನು ನೆನೆಸಿಕೊಳ್ಳಲಾಗಲಿಲ್ಲ. ನಾನೇ ಅಳಿಸಿದೆ. ನೇರಳೆ ಬಣ್ಣ ಒಂದು ಸಲ ಬಳಿದದ್ದಕ್ಕೆ ಮುಚ್ಚಲಿಲ್ಲ. ಒಣಗಿದಂತೆಲ್ಲ ಎದ್ದು ಕಾಣುತ್ತಿತ್ತು. ಮತ್ತೆ ಬಳಿದೆ. ಮೇಲೆ ನೀಲಿ ಬೋಗಿ, ಕಿಟಕಿಗೆ ಸರಳು, ಮುಂದೆ ಉಗಿ ಎಂಜಿನ್ನು. ಹೊಗೆಗೆ ಜಾಗ ಸಾಲದೆ ಘಟ್ಟವೂ ಹೋಯಿತು.

ಕೊನೆಗೆ ಅಧ್ಯಕ್ಷರಿಗೆ ಸ್ಟೇಶನ್ನಿನ ಹಳದಿ ಬೋರ್ಡೂ ಬೇಕಾಯಿತು. ಊರ ಹೆಸರು, ಕೆಳಗೆ ಸಮುದ್ರ ಮಟ್ಟದಿಂದ ಎತ್ತರ.

“ಎಷ್ಟು ಮೀಟರ್ ಹಾಕ್ಲಿ?”

“ಎಂತದಾದ್ರೂ ಹಾಕು. ಅಳೆಯೂಕೆ ಯಾರು ಬರ್ತಾರೆ?”

ತೋಚಿದ್ದು ಹಾಕಿದೆ. ಉದ್ಘಾಟನೆಯ ದಿನ ದೊಡ್ಡವರೆಲ್ಲ ಆ ಬೋರ್ಡಿನ ಮುಂದೆ ನಿಂತು, ಥೇಟ್ ಸ್ಟೇಶನ್ನೇ ಅನ್ನುತ್ತ ಫೋಟೊ ತೆಗೆಸಿಕೊಂಡರು. ನಾನು ಅಂಚಿನಲ್ಲಿದ್ದೆ.

“ಓ ಪೇಂಟರ್, ಚೂರು ಆಚೆಗೆ ಹೋಗಾ. ಎಂಜಿನ್ ಕಾಣೂದಿಲ್ಲ,” ಫೋಟೊ ತೆಗೆಯುವವ ಕೂಗಿದ.

ಹೋದೆ.