ಇಲ್ಲಿ ಇಳಿದು ನಡೆಯಿರಿ

ನನ್ನ ಗಂಡ ಸೈಕಲ್ ಮೇಲಿರುವಷ್ಟು ಹೊತ್ತು ಆರೋಗ್ಯವಂತ, ಇಳಿದರೆ ರೋಗಿ. ಕಣ್ಣಾರೆ ನೋಡುವವರೆಗೆ ನಾನೂ ಇದನ್ನು ನಂಬಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಬಂದ ಕೆಲವರಿಗೆ ನಾಲ್ಕು ಹೆಜ್ಜೆ ನಡೆಯುವುದು ಕಷ್ಟ, ಆದರೆ ಪೆಡಲ್ ಮೇಲೆ ಪಾದ ಇಟ್ಟರೆ ಕಾಲು ತಾನಾಗಿ ತಿರುಗುತ್ತದೆ. ಡಾಕ್ಟರು ಹಾಗೆಂದ ಮಾರನೆಯ ದಿನವೇ ಇವರು ಗರಾಜಿನಿಂದ ಹಳೆಯ ಸೈಕಲ್ ತೆಗೆದು ಟೆಕ್ಸಸ್‌ನ ಅಲೆನ್ ಊರಿನ ನಮ್ಮ ಬೀದಿಯಲ್ಲಿ ಮೂರು ಸುತ್ತು ಹೊಡೆದರು. ಖುಷಿಯಿಂದ ಇಳಿದವರು ಹೊಸ್ತಿಲ ಮುಂದೆ ಪಾದಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟರು. ಒಳಗೆ ಬರಲು ಎರಡು ನಿಮಿಷ ಬೇಕಾಯಿತು.

ಈ ಕಾಯಿಲೆಯ ಸುದ್ದಿ ಹದಿನೆಂಟು ತಿಂಗಳು ನಮ್ಮಿಬ್ಬರ ನಡುವೆಯೇ ಉಳಿಯಿತು. ಉಳಿಸಿದವಳು ನಾನು. ಆಸ್ಟಿನ್‌ನಲ್ಲಿ ಕೆಲಸ ಮಾಡುವ ನಮ್ಮ ಒಬ್ಬಳೇ ಮಗಳಿಗೆ ಕಾಯಿಲೆ ಗೊತ್ತಾದ ದಿನವೇ ಫೋನ್ ಮಾಡಿ ಹೇಳಲು ಇವರು ಹೊರಟಿದ್ದರು. ಅವಳೋ ಆಗಷ್ಟೇ ಹ್ಯೂಸ್ಟನ್ನಿನ ಒಬ್ಬ ಹುಡುಗನನ್ನು ಮೆಚ್ಚಿಕೊಂಡಿದ್ದಳು, ಅದನ್ನು ಹೇಳಲೆಂದೇ ಅದೇ ವಾರ ಮನೆಗೆ ಬಂದುಹೋಗಿದ್ದಳು. ಹುಡುಗನ ಮನೆಯವರು ಉಡುಪಿ ಕಡೆಯವರು, ತಂದೆತಾಯಿ ಇಬ್ಬರೂ ಡಾಕ್ಟರು. ಇದು ವಂಶದಲ್ಲಿ ಬರುವ ಕಾಯಿಲೆಯೇ ಎಂದು ಅವರು ಕೇಳಿದರೆ? ಏನೋ ನೆಪ ಹೇಳಿ ಹಿಂದೆ ಸರಿದರೆ? ನನ್ನ ಮಗಳ ಸಂಬಂಧ ಮುರಿದುಬೀಳುವ ಭಯ ನನ್ನನ್ನು ಹಿಡಿದುಕೊಂಡಿತು. ಇವರ ನಡುಗುವ ಬಲಗೈಯನ್ನು ಎಳೆದು ನನ್ನ ತಲೆಯ ಮೇಲಿಟ್ಟುಕೊಂಡೆ. "ಲಗ್ನ ಆಗೂತನಾ ಯಾರಿಗೂ ಹೇಳಂಗಿಲ್ಲ. ನನ್ನ ಮ್ಯಾಲೆ ಆಣಿ ಮಾಡ್ರಿ," ಎಂದೆ. ನಾನು ಧಾರವಾಡದವಳು, ಇವರು ಮೈಸೂರಿನವರು. ಜಗಳದಲ್ಲಿ ಗೆಲ್ಲುವುದು ಯಾವಾಗಲೂ ಧಾರವಾಡವೇ.

ಆಮೇಲೆ ನಾನು ಆಡಿದ ಆಟ ಒಂದೆರಡಲ್ಲ. ಅಲೆನ್‌ನಲ್ಲಿ ಯಾವ ಔಷಧಿ ಅಂಗಡಿಗೆ ಹೋದರೂ ಪರಿಚಯದವರು ಸಿಗುತ್ತಾರೆಂದು ವಿಮಾನ ನಿಲ್ದಾಣದ ಆಚೆ ಯೂಲೆಸ್‌ವರೆಗೆ ಡ್ರೈವ್ ಮಾಡಿ ಮಾತ್ರೆ ತರುತ್ತಿದ್ದೆ, ತಂದು ವಿಟಮಿನ್ ಡಬ್ಬಿಗೆ ಸುರಿಯುತ್ತಿದ್ದೆ. ಹುಡುಗನ ತಂದೆತಾಯಿ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಹೋಟೆಲಿಗೆ ಊಟಕ್ಕೆ ಕರೆದಾಗ ಮುಕ್ಕಾಲು ಗಂಟೆ ಮೊದಲೇ ಹೋಗಿ ಇವರನ್ನು ಮೂಲೆಯಲ್ಲಿ ಕೂರಿಸಿದೆ, ಅವರ ಎದುರು ನಡೆಯುವ ಪ್ರಸಂಗವೇ ಬಾರದಿರಲೆಂದು. ಎದ್ದು ನಮಸ್ಕಾರ ಮಾಡಲಿಲ್ಲವೇಕೆ ಎಂದರೆ ಬೆನ್ನುನೋವು. ಕಾಫಿ ಲೋಟ ಅಲುಗಿದರೆ ಬೆನ್ನುನೋವಿನ ಮಾತ್ರೆಯ ಪರಿಣಾಮ. ಡಾಕ್ಟರು ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟಿದ್ದರು. ಆ ಕ್ಲಿನಿಕ್ಕಿನಲ್ಲಿ ನಮ್ಮ ಕನ್ನಡದ ಗುಂಪಿನ ಹೆಂಗಸೊಬ್ಬಳು ಕೆಲಸ ಮಾಡುತ್ತಾಳೆಂದು ತಿಳಿದು ಚೀಟಿಯನ್ನು ಹರಿದು ಹಾಕಿದೆ. ಇಷ್ಟಾದರೂ ನಿಶ್ಚಿತಾರ್ಥದ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಹುಡುಗನ ಮನೆಯವರಿಗೆ ಏನೋ ಅನುಮಾನ ಬಂದಿರಬೇಕೆಂದು ನಾನು ಒಳಗೇ ಕುದಿಯುತ್ತಿದ್ದೆ.

ಈ ಬೇಸಿಗೆಯಲ್ಲಿ ಮಗಳೇ ನಮಗೆ ಎರಡು ವಾರದ ಆಲ್ಪ್ಸ್ ಪ್ರವಾಸ ಬುಕ್ ಮಾಡಿದಳು. ದ್ರಾವಾ ಎಂಬ ನದಿ ಇಟಲಿಯ ಮೂಲೆಯಲ್ಲಿ ಹುಟ್ಟಿ ಆಸ್ಟ್ರಿಯಾಕ್ಕೆ ಇಳಿಯುತ್ತದೆ. ಅದರ ದಂಡೆಯುದ್ದಕ್ಕೂ ಸೈಕಲ್ಲಿಗೆಂದೇ ಮಾಡಿದ ದಾರಿ ಇದೆ. ಸಾಮಾನನ್ನು ಬಾಡಿಗೆ ಸೈಕಲ್ಲಿನವರೇ ಊರಿಂದ ಊರಿಗೆ ಸಾಗಿಸುತ್ತಾರೆ, ನಾವು ನಾಲ್ಕು ದಿನ ಸುಮ್ಮನೆ ಪೆಡಲ್ ತುಳಿದರಾಯಿತು. "ಅಪ್ಪ ಇತ್ತೀಚೆಗೆ ಯಾರ ಜೊತೆಗೂ ಮಾತಾಡುವುದಿಲ್ಲ, ಸೈಕಲ್ ಒಂದೇ ಅವರಿಗೆ ಇಷ್ಟ," ಎಂದು ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದ್ದಳು. ಡಾಕ್ಟರೂ ಹೂಂ ಎಂದರು. ಎರಡು ವಾರ ಯಾರ ಕಣ್ಣಿಗೂ ಬೀಳದಿದ್ದರೆ ಅಷ್ಟೇ ಸಾಕೆಂದು ನಾನೂ ಹೊರಟೆ.

ಮೊದಲ ದಿನ ಇಳಿಜಾರು. ಎರಡೂ ಕಡೆ ಬೂದು ಬಂಡೆಯ ಬೆಟ್ಟಗಳು, ಕೆಳಗೆ ಕತ್ತರಿಸಿಟ್ಟ ಹುಲ್ಲು ಒಣಗುವ ವಾಸನೆ, ಪಕ್ಕದಲ್ಲಿ ಸುಣ್ಣ ಕದಡಿದಂಥ ಬಿಳುಪು ನೀರು. ಟೆಕ್ಸಸ್‌ನ ಸಪಾಟು ನೆಲದಲ್ಲಿ ಇಪ್ಪತ್ತಾರು ವರ್ಷ ಕಳೆದ ಮೇಲೆ ನೆಲ ಹೀಗೆ ಎದ್ದು ನಿಂತದ್ದನ್ನು ನಾನು ಕತ್ತೆತ್ತಿ ನೋಡುತ್ತಲೇ ಹೋದೆ. ನನ್ನದು ಬ್ಯಾಟರಿ ಸೈಕಲ್, ಇವರದು ಸಾದಾ. ಆದರೂ ಮುಂದೆ ಇವರೇ. ಬೆನ್ನು ನೆಟ್ಟಗೆ, ಕೈ ಹ್ಯಾಂಡಲ್ ಮೇಲೆ ಗಟ್ಟಿ, ತಿರುವಿನಲ್ಲಿ ಎಷ್ಟು ಬೇಕೋ ಅಷ್ಟೇ ವಾಲುತ್ತಿದ್ದರು. ಹಿಂದಿನಿಂದ ನೋಡಿದರೆ ನಾನು ಮದುವೆಯಾದ ಗಂಡಸೇ. "ಸಾವಕಾಶ ಹೋಗ್ರಿ, ನಾ ಬರೋದು ಬ್ಯಾಡೇನು?" ಎಂದು ಕೂಗಿದರೆ "ಬ್ಯಾಟರಿ ಇಟ್ಕೊಂಡು ಅಳ್ತೀಯಲ್ಲೇ!" ಎಂದು ತಿರುಗಿ ಕೂಗಿದರು. ಹದಿನೆಂಟು ತಿಂಗಳಲ್ಲಿ ಇವರು ನನ್ನನ್ನು ಛೇಡಿಸಿದ್ದು ಅದೇ ಮೊದಲು. ನನಗೆ ಅಳುವೇ ಬಂತು, ಗಾಳಿಗೆ ಬಂದ ನೀರು ಎಂದುಕೊಂಡು ಒರೆಸಿಕೊಂಡೆ.

ಇಳಿಯುವುದೇ ತೊಂದರೆ. ಇವರು ಆದಷ್ಟು ಇಳಿಯುತ್ತಿರಲಿಲ್ಲ. ನೀರು ಕುಡಿಯುವುದಕ್ಕೂ ಯಾವುದಾದರೂ ಬೇಲಿಗೆ ಕೈ ಕೊಟ್ಟು ಸೀಟಿನ ಮೇಲೆಯೇ ಕೂತಿರುತ್ತಿದ್ದರು. ರಾತ್ರಿ ಉಳಿಯುವ ಊರನ್ನು ಮಧ್ಯಾಹ್ನ ಮುಟ್ಟಿದರೆ ನಾನು ಮೊದಲು ಇಳಿದು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿ, ಆಮೇಲೆ ಇವರನ್ನು ಹಿಡಿದು ಇಳಿಸಬೇಕು.

ಮೂರನೆಯ ದಿನ ನದಿಯನ್ನು ದಾಟಲು ಒಂದು ಹಳೆಯ ಮರದ ಸೇತುವೆ ಬಂತು. ತೀರಾ ಕಿರಿದು. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆಯಬೇಕೆಂದು ಸೇತುವೆಯ ಬಾಯಲ್ಲಿ ಒಂದು ಬೋರ್ಡು, ಅದರಲ್ಲಿ ನಡೆಯುವ ಮನುಷ್ಯನ ಚಿತ್ರ. ಬೇರೆ ದಾರಿಯಿಲ್ಲ. ನಾನು ಮುಂದೆ ಹೋದೆ. ನಡುಸೇತುವೆಯಲ್ಲಿ ತಿರುಗಿ ನೋಡಿದರೆ ಇವರು ಹತ್ತು ಹೆಜ್ಜೆ ಹಿಂದೆ ನಿಂತಿದ್ದಾರೆ. ಪಾದ ನೆಲ ಬಿಟ್ಟು ಏಳುತ್ತಿಲ್ಲ, ಮೊಣಕಾಲು ಮಾತ್ರ ನಡುಗುತ್ತಿದೆ. ಹಿಂದೆ ಐದಾರು ಸೈಕಲ್ಲುಗಳು ಸಾಲುಗಟ್ಟಿದವು. ನನ್ನ ಸೈಕಲ್ಲನ್ನು ಕಟಕಟೆಗೆ ಒರಗಿಸಿ ಓಡಿಬಂದೆ. ಬಂದವಳು ಮೊದಲು ಮಾಡಿದ್ದೇನು? ಇವರ ಕೈ ಹಿಡಿಯಲಿಲ್ಲ. ಹಿಂದಿದ್ದವರಿಗೆ ಇಂಗ್ಲಿಷಿನಲ್ಲಿ, "ಏನಿಲ್ಲ, ಬೆನ್ನುನೋವು," ಎಂದೆ.

ಜನ್ಮದಲ್ಲಿ ಮತ್ತೆ ಕಾಣದ ಜನರಿಗೆ, ಹುಡುಗನ ಮನೆಯ ಹೆಸರೂ ಗೊತ್ತಿಲ್ಲದವರಿಗೆ, ಆ ಸುಳ್ಳು ಹೇಳಿದೆ.

ಇವರು ನನ್ನನ್ನು ನೋಡಿದರು. ಆಮೇಲೆ ಕಷ್ಟಪಟ್ಟು ಕತ್ತು ತಿರುಗಿಸಿ, ಹಿಂದಿದ್ದವರಿಗೆ ಕೇಳುವಂತೆ, "ಬೆನ್ನುನೋವಲ್ಲ. ನನಗೆ ಪಾರ್ಕಿನ್ಸನ್," ಎಂದರು.

ಸಾಲಿನ ಮೊದಲಿಗೆ ಬೆಳ್ಳಿಕೂದಲಿನ ಒಬ್ಬ ಹೆಂಗಸು ಇದ್ದಳು. ಆಕೆ ತನ್ನ ಸೈಕಲ್ಲನ್ನು ಹಿಂದಿನವರ ಕೈಗೆ ಕೊಟ್ಟು ಇವರ ಎದುರಿಗೆ ಬಂದಳು. ಬೂಟು ಹಾಕಿದ ಪಾದವನ್ನು ಇವರ ಪಾದದ ಮುಂದೆ ಅಡ್ಡ ಇಟ್ಟು, ಮುರುಕು ಇಂಗ್ಲಿಷಿನಲ್ಲಿ, "ನನ್ನ ಕಾಲನ್ನು ದಾಟಿ," ಎಂದಳು. ಇವರು ದಾಟಿದರು. ಅಷ್ಟೇ! ನನ್ನ ಕಣ್ಣೆದುರಿಗೇ ಪಾದ ಎದ್ದು ಆಚೆ ಬಿತ್ತು. ಮತ್ತೆ ಇಟ್ಟಳು, ಮತ್ತೆ ದಾಟಿದರು. ಆಮೇಲೆ ಸೇತುವೆಯ ಹಲಗೆಗಳನ್ನು ತೋರಿಸಿ, ಇದು ಒಂದು ಗೆರೆ, ಇದನ್ನು ದಾಟಿ, ಇದು ಇನ್ನೊಂದು ಎಂದಳು. ಒಂದೊಂದೇ ಹಲಗೆಯ ಸಂದನ್ನು ನೋಡುತ್ತ ನನ್ನ ಗಂಡ ಆ ಸೇತುವೆಯನ್ನು ನಡೆದು ದಾಟಿದರು. ಆಕೆಯ ತೀರಿಹೋದ ಗಂಡನಿಗೂ ಇದೇ ಕಾಯಿಲೆ ಇತ್ತಂತೆ. ಮನೆಯ ಬಾಗಿಲುಗಳ ಮುಂದೆ ನೆಲಕ್ಕೆ ಬಣ್ಣದ ಟೇಪು ಅಂಟಿಸಿ ಎಂದಳು. "ಇದು ಎಲ್ಲಕ್ಕಿಂತ ಮೊದಲು ಫಿಸಿಯೋ ಕಲಿಸುವ ಪಾಠವಲ್ಲವೇ? ನಿಮ್ಮವರು ಹೇಳಲಿಲ್ಲವೇ?" ಎಂದು ಕೇಳಿದಳು. ನಾನು ಹರಿದು ಹಾಕಿದ ಚೀಟಿ ನೆನಪಾಯಿತು.

ಆಕೆ ಹೋದ ಮೇಲೆ ದಂಡೆಯ ಬೆಂಚಿನ ಮೇಲೆ ಕೂತೆವು. ಇವರೇ ಮೊದಲು ಮಾತಾಡಿದರು. "ಆಣೆ ಮುರಿದುಬಿಟ್ಟೆ."

"ಮುರಿದ್ರೇನಾತು? ನನಗೇನೂ ಆಗಿಲ್ಲ, ಇಲ್ಲೇ ಕೂತೀನಲ್ಲ," ಎಂದೆ. ನಗಿಸಲು ಹೇಳಿದ್ದು. "ಆಕಿಗೆ ಹೇಳೋಣ್ರಿ. ಇವತ್ತ ಹೇಳೋಣ. ಮುರದ್ರ ಮುರೀಲಿ ಸಂಬಂಧ."

ನಮಗೆ ಮಧ್ಯಾಹ್ನ ಮೂರು, ಆಸ್ಟಿನ್‌ನಲ್ಲಿ ಬೆಳಗಿನ ಎಂಟು. ಮಗಳು ಕೆಲಸಕ್ಕೆ ಹೊರಡುವ ಹೊತ್ತು. ಫೋನನ್ನು ಸ್ಪೀಕರಿನಲ್ಲಿಟ್ಟು, ಮಧ್ಯೆ ನಿಲ್ಲಿಸಿದರೆ ಮುಂದೆ ಹೇಳಲಾರೆನೆಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ: ಕಾಯಿಲೆ, ಯೂಲೆಸ್, ಹಿಲ್‌ಕ್ರಾಫ್ಟ್‌ನ ಮೂಲೆಯ ಕುರ್ಚಿ, ಆಣೆ. ತಪ್ಪು ನಂದು, ಅಪ್ಪಂದಲ್ಲ ಎಂದೆ. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದೂ ಇಂಗ್ಲಿಷಿನಲ್ಲಿ. "ಅವನ ವಿಷಯ ಹೇಳಲು ನಾನು ಅಲೆನ್‌ಗೆ ಬಂದಿದ್ದೆನಲ್ಲ, ಆಗಲೇ ಅಪ್ಪನಿಗೆ ಇದು ಇತ್ತೇ?"

ಇತ್ತು, ನೀ ಬಂದುಹೋದ ವಾರವೇ ಗೊತ್ತಾಯಿತು ಎಂದೆ.

"ಅಪ್ಪ ನಗ್ಲೇ ಇಲ್ಲ, ಅಮ್ಮ," ಎಂದಳು. ಈ ಸಲ ಕನ್ನಡದಲ್ಲಿ. "ನಾನು ಹೇಳ್ದಾಗ ಅಪ್ಪ ನಗ್ಲೇ ಇಲ್ಲ. ಅವ್ರಿಗೆ ಅವನು ಇಷ್ಟ ಇಲ್ಲ ಅನ್ಕೊಂಡೆ." ಅದಕ್ಕೇ ನಿಶ್ಚಿತಾರ್ಥದ ದಿನವನ್ನು ಮುಂದೂಡುತ್ತ ಬಂದಿದ್ದಳಂತೆ, ಅಪ್ಪನ ಮನಸ್ಸು ಬದಲಾಗಲೆಂದು. ಹುಡುಗನ ಮನೆಯವರು ಪಾಪ ಒಂದೂವರೆ ವರ್ಷದಿಂದ ಕಾಯುತ್ತಲೇ ಇದ್ದರು.

ಈ ಕಾಯಿಲೆ ಕಾಲಿಗೆ ಮುಂಚೆ ಮುಖವನ್ನು ಹಿಡಿಯಬಹುದು, ಮುಖದ ಸ್ನಾಯುಗಳು ಬಿಗಿಯುತ್ತವೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ, ಬಚ್ಚಿಡುವ ಗಡಿಬಿಡಿಯಲ್ಲಿ ಮರೆತಿದ್ದೆ. ಇವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದುಕೊಂಡರು.

"ನಕ್ಕಿದ್ದೆ ಕಣಮ್ಮಾ," ಎಂದರು. "ತುಂಬಾ ನಕ್ಕಿದ್ದೆ. ಮುಖಕ್ಕೆ ಬರ್ಲಿಲ್ಲ, ಅಷ್ಟೆ."

ಆ ಕಡೆ ಮಗಳು ಅಳುತ್ತಿದ್ದಳು. ನಾನು ಪಕ್ಕಕ್ಕೆ ತಿರುಗಿ ಇವರ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ, ಸುಮ್ಮನೆ ನದಿಯ ಕಡೆಗೆ ತಿರುಗಿತ್ತು. ಈ ಹದಿನೆಂಟು ತಿಂಗಳಲ್ಲಿ ಆ ಮುಖ ನೋಡಿ, ಯಾಕ್ರೀ ಹಿಂಗ ಗಂಟುಮುಖ ಹಾಕ್ಕೊಂಡು ಕೂಡ್ತೀರಿ, ನನ್ನ ಕಂಡ್ರ ಅಷ್ಟು ಬ್ಯಾಸರಾ ಎಂದು ನಾನು ಎಷ್ಟು ಸಲ ರೇಗಿದ್ದೆನೋ, ಲೆಕ್ಕವಿಲ್ಲ.