ಜರ್ಕ್ ಡಾಕ್ಟರ ಎಡಗಾಲು

ಬೀದಿಯವರೆಲ್ಲ ಜರ್ಕ್ ಡಾಕ್ಟರು ಎಂದು ಕರೆಯುವ ಈ ಹಲ್ಲಿನ ವೈದ್ಯರ ಕೈ ಹೂವಿನಷ್ಟು ಹಗುರ. ಅವರ ಕಾರು ಮಾತ್ರ ಯಾರೋ ಹಿಂದಿನಿಂದ ಒದ್ದ ಹಾಗೆ ನೆಗೆಯುತ್ತದೆ. ಕೆಂಪು ಸ್ಪೋರ್ಟ್ಸ್ ಕಾರಿಗೆ, ತುಳಿದರೆ ಕಲ್ಲಿನಷ್ಟು ಗಟ್ಟಿಯಾದ ರೇಸಿನ ಕ್ಲಚ್ ಹಾಕಿಸಿದಂದಿನಿಂದ ಅವರ ಎಡಗಾಲು ಎಷ್ಟು ದಪ್ಪಗಾಗಿದೆಯೆಂದರೆ, ದರ್ಜಿ ಪ್ಯಾಂಟಿನ ಆ ಕಾಲನ್ನು ಕೇಳದೆಯೇ ಸಡಿಲ ಬಿಡುತ್ತಾನೆ. ಆ ಕ್ಲಚ್ಚಿಗೆ ಪೂರ್ತಿ ಹಿಡಿಯುವುದು ಗೊತ್ತು, ಪೂರ್ತಿ ಬಿಡುವುದು ಗೊತ್ತು; ನಡುವಿನ ದಾಕ್ಷಿಣ್ಯ ಗೊತ್ತಿಲ್ಲ. ಹಾಗಾಗಿ ಸಿಗ್ನಲ್ಲುಗಳ ಸಹವಾಸವೇ ಬೇಡವೆಂದು ಡಾಕ್ಟರು ಹತ್ತಿರದ ಕ್ಲಿನಿಕ್ಕಿಗೂ ಊರೆಲ್ಲ ಸುತ್ತಿಕೊಂಡು ಹೋಗುತ್ತಾರೆ. ಬೀದಿ ಕೊನೆಯ ಸಿಗ್ನಲ್ಲೊಂದನ್ನು ಮಾತ್ರ ತಪ್ಪಿಸಲಾಗದು. ಅಲ್ಲಿ ಕಾರು ನೆಗೆದು ಹೊರಟಾಗ ಡಾಕ್ಟರೂ ಪಕ್ಕದಲ್ಲಿ ಕೂತ ಹೆಂಡತಿಯೂ ಒಟ್ಟಿಗೆ ತಲೆಯಾಡಿಸುವುದನ್ನು ಕಂಡು, ಎಂಥ ಹೊಂದಾಣಿಕೆಯ ಸಂಸಾರ ಎಂದು ಬೀದಿಯವರು ಮೆಚ್ಚುತ್ತಾರೆ. "ಮಾಮೂಲಿ ಕ್ಲಚ್ ಹಾಕ್ಕೊಡ್ತೀನಿ ಸಾರ್, ಕಾಲಿಗೆ ಸುಖ," ಎಂದು ಮೆಕ್ಯಾನಿಕ್ ಗೋಗರೆದರೆ, "ದಿನವೆಲ್ಲ ಮೆತ್ತಗಿರ್ತೀನಲ್ಲಪ್ಪ, ಸಂಜೆ ಒಂಚೂರಾದ್ರೂ ಗುದ್ದಾಡ್ಬೇಡ್ವಾ?" ಎನ್ನುತ್ತಾರೆ ಡಾಕ್ಟರು. "ತೆಗೆಸ್ರೀ ಅದನ್ನ, ನನ್ನ ಕತ್ತು ಉಳುಕುತ್ತೆ," ಎಂದು ಗೊಣಗುವ ಹೆಂಡತಿ, ಗೊಣಗುತ್ತಲೇ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಹೋದ ಭಾನುವಾರ ಕಾರು ತೊಳೆಯುತ್ತ ಆ ಸೀಟಿನ ಮುಂದಿನ ಮ್ಯಾಟನ್ನು ಎತ್ತಿದ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಪೆಡಲ್ಲೇ ಇಲ್ಲದ ಆ ಕಡೆಯಲ್ಲಿ, ಸರಿಯಾಗಿ ಹೆಂಡತಿಯ ಎಡಗಾಲು ಬರುವ ಜಾಗದಲ್ಲಿ, ರಬ್ಬರು ಸವೆದು ತೂತಾಗಿತ್ತು. ಇಷ್ಟು ದಿನವೂ ಆಕೆ ಅವರ ಜೊತೆಜೊತೆಗೇ, ಇಲ್ಲದ ಕ್ಲಚ್ಚನ್ನು ಒತ್ತುತ್ತಿದ್ದರು. ಅಂದು ಸಂಜೆ ಸಿಗ್ನಲ್ ಹಸಿರಾದಾಗ ಡಾಕ್ಟರು ಮೆಲ್ಲಗೆ, "ಬಿಡ್ಲಾ?" ಎಂದು ಕೇಳಿದರು. "ಇರಿ, ಇರಿ... ಹಾಂ, ಈಗ ಬಿಡಿ," ಎಂದರು ಆಕೆ. ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಟಿತು. ಒಳಗಿನ ಎರಡು ತಲೆಗಳೂ ಅಲುಗದಿದ್ದುದನ್ನು ಕಂಡ ಬೀದಿಯವರು, ಪಾಪ, ಇಬ್ಬರಿಗೂ ಏನೋ ಜಗಳವಾಗಿರಬೇಕು ಎಂದುಕೊಂಡರು.